ಸಿಮೆಂಟ್, ಪ್ಲೈವುಡ್, ಪೇಂಟ್ ಅಂಗಡಿಯ ಅಪಾಯದ ಪಟ್ಟಿ: ಯಾವುದನ್ನ ಮೊದಲು ಸರಿಮಾಡೋದು?

ಗೋಡೌನ್ ಗುಮಾಸ್ತ:
50 ಕೆಜಿ ಸಿಮೆಂಟ್ ಚೀಲ 14ರ ಎತ್ತರಕ್ಕೆ ಪೇರಿಸಿದೆ. ಪ್ಲೈವುಡ್ ಹಾಳೆಗಳು ಗೋಡೆಗೆ ಒರಗಿವೆ. ಪೇಂಟ್ ಕೌಂಟರ್ ಪಕ್ಕದಲ್ಲೇ ಕಂಬಿ ಕತ್ತರಿಸುವ ಮಷೀನ್. ಸಾಧ್ಯತೆಗೆ 1ರಿಂದ 5, ಪೆಟ್ಟಿನ ತೀವ್ರತೆಗೆ 1ರಿಂದ 5 ಅಂಕ ಕೊಟ್ಟು ಗುಣಿಸಿದರೆ ಪ್ಲೈವುಡ್ ಬೀಳೋದಕ್ಕೂ 5 (1×5), ಕೈಗೆ ಸಿಬಿರು ಚುಚ್ಚೋದಕ್ಕೂ 5 (5×1) ಬರ್ತಿದೆ. ಯಾವುದು ಮೊದಲು?

ಮಟ್ಟಗೋಲು:
ಗುಣಿಸಿದ ಅಂಕ ಒಂದನ್ನೇ ನಂಬಬೇಡಿ. ತೀವ್ರತೆ 5 ಇದ್ದದ್ದು ಪಟ್ಟಿಯ ತಲೆಗೆ ಹೋಗಬೇಕು. ಅಲ್ಲದೆ ಪ್ಲೈವುಡ್‌ಗೆ ಸಾಧ್ಯತೆ 1 ಅಂತ ಹಾಕಿದ್ದೇ ತಪ್ಪು. 8×4 ಅಡಿಯ 18 ಎಂಎಂ ಹಾಳೆ ಸುಮಾರು 30 ಕೆಜಿ ತೂಗುತ್ತೆ. ಗಿರಾಕಿ ಹತ್ತನೇ ಹಾಳೆ ಕೇಳಿದಾಗ ಕೆಲಸದವನು ಮುಂದಿನ ಒಂಬತ್ತನ್ನ ಪುಟ ತಿರುವಿದ ಹಾಗೆ ತನ್ನ ಕಡೆ ವಾಲಿಸಿ, ಭುಜಕ್ಕೆ ಆನಿಸಿಕೊಂಡು, ಹಿಂದಿನದನ್ನ ಎಳೀತಾನೆ. ಹಾಳೆ ನೆಟ್ಟಗೆ ನಿಂತಿರೋವರೆಗೆ ಭಾರವೇ ಗೊತ್ತಾಗಲ್ಲ. ಸ್ವಲ್ಪ ಹೆಚ್ಚು ವಾಲಿತೋ, 270 ಕೆಜಿ ಅವನ ಮೇಲೆ. ದಿನಕ್ಕೆ ಎಷ್ಟು ಸಲ ಹೀಗೆ ಎಳೀತಾರೆ ಎಣಿಸಿ, ಆಮೇಲೆ ಅಂಕ ಹಾಕಿ.
ಮಲಗಿಸಿಡೋದೇ ಸರಿ. ಜಾಗ ಇಲ್ಲದಿದ್ದರೆ ಕಬ್ಬಿಣದ ಖಾನೆ ಮಾಡಿಸಿ, ಒಂದಕ್ಕೆ ಐದಾರು ಹಾಳೆ. ಬರೀ ಹಗ್ಗ ಸಾಲದು, ಹಾಳೆ ಎಳೆಯೋಕೆ ಅದನ್ನ ಬಿಚ್ಚಲೇಬೇಕಲ್ಲ!

ಚೀಲದ ಲೆಕ್ಕ:
ಸಿಮೆಂಟ್ 10 ಚೀಲ ದಾಟಬಾರದು. 8ಕ್ಕಿಂತ ಮೇಲೆ ಹೋದರೆ ಒಂದು ವರಸೆ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ತೆಗೆಯುವಾಗಲೂ ಎಚ್ಚರ: ಹಮಾಲರು ಮುಂದಿನ ಸಾಲನ್ನ ನೆಲದವರೆಗೆ ಖಾಲಿ ಮಾಡಿದರೆ ಹಿಂದಿನದಕ್ಕೆ ಆಸರೆ ಇರಲ್ಲ. ಮೆಟ್ಟಿಲಿನ ಹಾಗೆ ಇಳಿಸಿಕೊಂಡು ಬರಲಿ. ಒಡೆದ ಚೀಲದ ಪುಡಿ ಬೆವರಿಗೆ ಸೇರಿದರೆ ಚರ್ಮ ಸುಡುತ್ತೆ, ಉರಿ ಗೊತ್ತಾಗೋದು ತಡವಾಗಿ. ಹತ್ತಿರದಲ್ಲೇ ನಲ್ಲಿ ಇರಲಿ.

ಕಿಡಿ:
ನನ್ನ ಪ್ರಕಾರ ಇವತ್ತೇ ನಿಲ್ಲಿಸಬೇಕಾದ್ದು ಆ ಮಷೀನ್. ಪೇಂಟ್ ತೆಳುಮಾಡೋ ಥಿನ್ನರ್‌ನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತೆ. ಕಿಡಿ ಬೀಳೋದೂ ಅಲ್ಲಿಗೇ. ಡಬ್ಬಿಯಿಂದ ಬಾಟಲಿಗೆ ಬಗ್ಗಿಸುವಾಗಲಂತೂ ಆವಿ ಇನ್ನೂ ಹೆಚ್ಚು. ಕತ್ತರಿಸೋ ಜಾಗದಿಂದ 11 ಮೀಟರ್ ಒಳಗೆ ಹೊತ್ತಿಕೊಳ್ಳುವ ಸಾಮಾನು ಇರಬಾರದು. ಕಿಡಿಯೇ ಹಾರದ ಹೈಡ್ರಾಲಿಕ್ ಕಟ್ಟರ್ ತಂದರೆ ಇನ್ನೂ ಒಳ್ಳೇದು.

ಗೋಡೌನ್ ಗುಮಾಸ್ತ:
ಮಷೀನ್ ಅಲ್ಲಿಂದ ತೆಗೆಸ್ತೀನಿ. ಖಾನೆಯ ಕಂಬ ಎಷ್ಟು ಎತ್ತರ ಇರಬೇಕು?

ಮಟ್ಟಗೋಲು:
ನಿಂತ ಹಾಳೆಯ ಅರ್ಧಕ್ಕಿಂತ ಚೆನ್ನಾಗಿ ಮೇಲೆ. ಉದ್ದದ ಅಂಚಿನ ಮೇಲೆ ನಿಲ್ಲಿಸೋದಾದರೆ 3 ಅಡಿ. ಬುಡ ನೆಲಕ್ಕೆ ಬೋಲ್ಟ್ ಆಗಿರಬೇಕು, ಇಲ್ಲಾಂದ್ರೆ ಹಾಳೆ ಜೊತೆ ಖಾನೆಯೂ ಮಗುಚುತ್ತೆ.