ನೂರರ ವೇಗಕ್ಕೆ ತೆರುವ ಪೆಟ್ರೋಲ್

ಎಲ್ಲರಿಗೂ ನಮಸ್ಕಾರ. ಸಾಗರದ ತಮ್ಮ ನಿನ್ನೆ ರಾತ್ರಿ ಗುಂಪಿನಲ್ಲಿ ಹಾಕಿದ ಪ್ರಶ್ನೆಗೆ ಇದು ಉತ್ತರ. ಟೈಪ್ ಮಾಡುತ್ತ ಕುಳಿತರೆ ಬೆಳಗಾಗುತ್ತದೆಂದು ಧ್ವನಿಯಲ್ಲೇ ಕಳುಹಿಸುತ್ತಿದ್ದೇನೆ, ಉದ್ದವಾದರೆ ಹಿರಿಯರು ಕ್ಷಮಿಸಬೇಕು. ನೋಡದಿದ್ದವರಿಗಾಗಿ ಪ್ರಶ್ನೆಯನ್ನು ಹೇಳಿಬಿಡುತ್ತೇನೆ: ಅವನು ಈ ವರ್ಷ ತೆಗೆದುಕೊಂಡ ಟರ್ಬೊ ಪೆಟ್ರೋಲ್ ಕಾಂಪ್ಯಾಕ್ಟ್ ಎಸ್‌ಯುವಿ ಲೀಟರಿಗೆ 20 ಕಿಲೋಮೀಟರ್ ಕೊಡುತ್ತದೆ ಎಂದು ಕಂಪನಿಯ ಕಾಗದದಲ್ಲಿತ್ತು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಬೆಂಗಳೂರಿಗೆ ಹೋಗಿ ಬಂದಾಗ ಸಿಕ್ಕಿದ್ದು ಹದಿನೈದೂವರೆ. ಶೋರೂಮಿನವರು ಮೋಸ ಮಾಡಿದರೇ, ಬಂಕಿನವರು ಕಡಿಮೆ ಹಾಕಿದರೇ, ಗಾಡಿಯಲ್ಲೇ ದೋಷವಿದೆಯೇ ಎಂದು ಅವನು ಕೇಳಿದ್ದಾನೆ. ಅದರ ಕೆಳಗೆ ಕೊಪ್ಪದ ದೊಡ್ಡಪ್ಪನವರು, ತಮ್ಮ ಹಳೆಯ ಸೆಡಾನ್ ಅದೇ ರಸ್ತೆಯಲ್ಲಿ ಹದಿನೆಂಟು ಕೊಡುತ್ತದೆ ಎಂದು ಬರೆದು ಬೆಂಕಿಗೆ ತುಪ್ಪ ಸುರಿದಿದ್ದಾರೆ.

ತಮ್ಮಾ, ನನ್ನ ಅಭಿಪ್ರಾಯದಲ್ಲಿ ನಿನ್ನ ಗಾಡಿಗೆ ಏನೂ ಆಗಿಲ್ಲ. ತುಮಕೂರಿನಿಂದ ಮುಂದೆ ನೂರಹತ್ತರಲ್ಲಿ ಓಡಿಸಿದೆ ಎಂದು ನೀನೇ ಬರೆದಿದ್ದೀಯಲ್ಲ, ಉತ್ತರದ ದೊಡ್ಡ ಪಾಲು ಅಲ್ಲೇ ಇದೆ.

ಕಂಪನಿಯ ಅಂಕಿ ಸುಳ್ಳಲ್ಲ, ಆದರೆ ಅದು ನಮ್ಮ ಹೆದ್ದಾರಿಯ ಅಂಕಿಯೂ ಅಲ್ಲ. ಆ ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿ, ಕಾರಿನ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ಮಾಡುತ್ತಾರೆ. ಇಪ್ಪತ್ತು ನಿಮಿಷಕ್ಕೂ ಸ್ವಲ್ಪ ಕಡಿಮೆ ಅವಧಿಯಲ್ಲಿ ಹನ್ನೊಂದು ಕಿಲೋಮೀಟರಿನಷ್ಟು ದೂರ ಓಡಿಸುತ್ತಾರೆ. ಅದರ ಸರಾಸರಿ ವೇಗ ಗಂಟೆಗೆ ಸುಮಾರು 32 ಕಿಲೋಮೀಟರ್, ಅತಿ ಹೆಚ್ಚೆಂದರೆ 90, ಅದೂ ಕೆಲವೇ ಕ್ಷಣ, ಮತ್ತು ಎಸಿ ಹಾಕಿರುವುದಿಲ್ಲ. ಗಾಳಿಯ ತಡೆಯನ್ನು ಲೆಕ್ಕ ಹಾಕಿ ರೋಲರಿಗೆ ಅಷ್ಟು ಬಿಗಿ ಕೊಡುತ್ತಾರೆ ಎಂಬುದು ನಿಜ. ಆದರೆ ಬಿಗಿ ಕೊಡುವುದು ಆ ಮಂದ ವೇಗಗಳಿಗೆ ತಕ್ಕಂತೆ. ನೂರಹತ್ತರ ವೇಗವನ್ನು ಆ ಪರೀಕ್ಷೆ ಕಂಡೇ ಇಲ್ಲ. ಒಂದು ಮಾದರಿಯನ್ನು ಇನ್ನೊಂದರ ಜೊತೆ ಹೋಲಿಸಲು ಆ ಅಂಕಿ ಉಪಯೋಗಕ್ಕೆ ಬರುತ್ತದೆ, ಪ್ರಯಾಣದ ಖರ್ಚು ಲೆಕ್ಕ ಹಾಕಲು ಬರುವುದಿಲ್ಲ.

ಇನ್ನು ಗಾಳಿಯ ವಿಷಯ. ವೇಗ ಹೆಚ್ಚಿದಂತೆ ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ ಎಂದು ಶಾಲೆಯಲ್ಲಿ ಓದಿದ್ದು ನಿನಗೆ ನೆನಪಿರಬಹುದು. ನಿನ್ನ ಗಾಡಿಯಂಥ ಎತ್ತರದ, ಚಪ್ಪಟೆ ಮೂತಿಯ ಕಾರನ್ನು ತೆಗೆದುಕೊಂಡು ಲೆಕ್ಕ ಹಾಕಿದರೆ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಳಿ ಅದನ್ನು ಹೆಚ್ಚುಕಡಿಮೆ 26 ಕಿಲೋ ತೂಕದ ಬಲದಿಂದ ಹಿಂದಕ್ಕೆ ತಳ್ಳುತ್ತದೆ. ನೂರರಲ್ಲಿ ಅದೇ ಬಲ 41 ಕಿಲೋ ಆಗುತ್ತದೆ, ನೂರಿಪ್ಪತ್ತರಲ್ಲಿ 60. ಟಯರ್ ಉರುಳುವಾಗಿನ ತಡೆ ಮಾತ್ರ ಈ ಎಲ್ಲ ವೇಗಗಳಲ್ಲೂ 15 ಕಿಲೋದ ಆಸುಪಾಸಿನಲ್ಲೇ ನಿಲ್ಲುತ್ತದೆ. ಎರಡನ್ನೂ ಕೂಡಿಸಿದರೆ 80ಕ್ಕೆ 41, ನೂರಕ್ಕೆ 56, ನೂರಿಪ್ಪತ್ತಕ್ಕೆ 75. ವೇಗ ಕಾಲು ಭಾಗ ಹೆಚ್ಚಿದರೆ ಎಂಜಿನ್ ಎಳೆಯಬೇಕಾದ ಹೊರೆ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಏರುತ್ತದೆ. ಪೆಟ್ರೋಲ್ ಖರ್ಚು ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ, ಏಕೆಂದರೆ ಹಗುರ ಹೊರೆಯಲ್ಲಿ ಪೆಟ್ರೋಲ್ ಎಂಜಿನ್ ಸೋಮಾರಿ. ಸ್ವಲ್ಪ ಭಾರ ಬಿದ್ದಾಗಲೇ ಅದು ಇಂಧನವನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಇದೇ ಜಾತಿಯ ನನ್ನ ಗಾಡಿ ಸಮತಟ್ಟು ರಸ್ತೆಯಲ್ಲಿ ಒಂದೇ ಹದದಲ್ಲಿ 80ರಲ್ಲಿ ಹೋದರೆ ಹತ್ತೊಂಬತ್ತರ ಹತ್ತಿರ ಕೊಡುತ್ತದೆ, ನೂರರಲ್ಲಿ ಹದಿನಾರು, ನೂರಿಪ್ಪತ್ತರಲ್ಲಿ ಹದಿಮೂರು ಹದಿಮೂರೂವರೆ.

ದೊಡ್ಡಪ್ಪನವರ ಸೆಡಾನ್ ಹದಿನೆಂಟು ಕೊಡುವುದರ ಗುಟ್ಟೂ ಇದೇ. ಅದು ತಗ್ಗಿನ ಗಾಡಿ, ಗಾಳಿಗೆ ಎದುರಾಗುವ ಮೈ ಚಿಕ್ಕದು, ಹಿಂಭಾಗ ಇಳಿಜಾರಾಗಿ ಮುಗಿಯುತ್ತದೆ. ಹಾಗಾಗಿ ನೂರರಲ್ಲಿ ಅದಕ್ಕೆ ಬೀಳುವ ಗಾಳಿಯ ತಡೆ 30 ಕಿಲೋದ ಆಸುಪಾಸು. ಅದೇ ಕಂಪನಿ ಅದೇ ಎಂಜಿನನ್ನು ಹ್ಯಾಚ್‌ಬ್ಯಾಕಿಗೂ ಎತ್ತರದ ಕಾರಿಗೂ ಹಾಕಿದಾಗ ಪೇಟೆಯೊಳಗೆ ಎರಡರ ಮೈಲೇಜಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣುವುದಿಲ್ಲ, ಹೆದ್ದಾರಿಗೆ ಇಳಿದ ಕೂಡಲೇ ಕಾಣುತ್ತದೆ. ಮಣ್ಣಿನ ದಾರಿ, ತೋಟದ ದಾರಿ, ಮಳೆಗಾಲದ ಹೊಂಡಗಳಿರುವ ನಮ್ಮಂಥವರಿಗೆ ಎತ್ತರದ ಗಾಡಿ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಎತ್ತರಕ್ಕೆ ತುಮಕೂರು ರಸ್ತೆಯಲ್ಲಿ ಬಾಡಿಗೆ ಕಟ್ಟಬೇಕು.

ಹಲವರು ನಂಬದ ಒಂದು ಸಂಗತಿ ಇದೆ. ಶಿವಮೊಗ್ಗದಿಂದ ಗಾಜನೂರು, ಮಂಡಗದ್ದೆ ಮೇಲೆ ತೀರ್ಥಹಳ್ಳಿಗೆ ಹೋಗುವ, ಒಂದು ಪಕ್ಕ ತುಂಗೆಯೂ ಇನ್ನೊಂದು ಪಕ್ಕ ಕಾಡೂ ಇರುವ ಆ ತಿರುವಿನ ರಸ್ತೆಯಲ್ಲಿ ನನ್ನ ಗಾಡಿ ಕೊಡುವ ಮೈಲೇಜ್, ತುಮಕೂರು–ನೆಲಮಂಗಲದ ವಿಶಾಲ ಹೆದ್ದಾರಿಯಲ್ಲಿ ಸಿಗುವುದಕ್ಕಿಂತ ಹೆಚ್ಚು. ತೀರ್ಥಹಳ್ಳಿಯ ಆ ದಾರಿಯಲ್ಲಿ ಅರವತ್ತು ಅರವತ್ತೈದಕ್ಕಿಂತ ಮೇಲೆ ಹೋಗಲು ರಸ್ತೆಯೇ ಬಿಡುವುದಿಲ್ಲ, ಟಾಪ್ ಗೇರ್ ಮಾತ್ರ ಬಿದ್ದಿರುತ್ತದೆ, ಎದುರಿನಿಂದ ಬಸ್ಸು ಬಾರದಿದ್ದರೆ ಕಾಲು ಅಲುಗಿಸುವ ಕೆಲಸವೂ ಇರುವುದಿಲ್ಲ. ಈ ಗಾಡಿಗಳಿಗೆ ಅತ್ಯುತ್ತಮ ಮೈಲೇಜ್ ಬರುವ ಹದ ಅದೇ. ದೊಡ್ಡ ರಸ್ತೆಗೆ ಹೋದರೆ ಮೈಲೇಜ್ ಹೆಚ್ಚುತ್ತದೆ ಎಂಬ ಮಾತು ಪೇಟೆಯ ಗಿಜಿಗಿಜಿಗೆ ಹೋಲಿಸಿದರೆ ಸರಿ, ಮಲೆನಾಡಿನ ಖಾಲಿ ರಸ್ತೆಗೆ ಹೋಲಿಸಿದರೆ ಅಲ್ಲ.

ನಿನ್ನ ಪ್ರಯಾಣದ ಮಧ್ಯದ ಭಾಗ, ಎಂದರೆ ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ಅಲ್ಲಿ ಬೇರೆಯದೇ ಲೆಕ್ಕ. ಎಂಬತ್ತರಲ್ಲಿ ಹೋಗುತ್ತಿದ್ದವನು ಹಂಪಿನ ಬುಡಕ್ಕೆ ಬಂದು ಬ್ರೇಕ್ ಒತ್ತಿ ಹತ್ತಕ್ಕೆ ಇಳಿಸಿ, ಮತ್ತೆ ಎಂಬತ್ತಕ್ಕೆ ಏರಿಸಿದರೆ, ಒಂದೂವರೆ ಟನ್ನಿನ ಗಾಡಿಗೆ ಅದೊಂದಕ್ಕೇ ಸುಮಾರು 35 ಮಿಲಿಲೀಟರ್ ಪೆಟ್ರೋಲ್ ಬೇಕು. ಅಂಥ ಮೂವತ್ತು ಹಂಪು ದಾಟುವಷ್ಟರಲ್ಲಿ ಒಂದು ಲೀಟರ್ ಬ್ರೇಕಿನ ಬಿಸಿಯಾಗಿ ಹೋಗಿರುತ್ತದೆ. ಲಾರಿಯ ಹಿಂದೆ ನಲವತ್ತರಲ್ಲಿ ತೆವಳಿ, ತೊಂಬತ್ತಕ್ಕೆ ಏರಿ ದಾಟಿ, ಇನ್ನೊಂದು ಲಾರಿಯ ಹಿಂದೆ ಮತ್ತೆ ಬ್ರೇಕ್ ಒತ್ತಿದರೂ ಅಷ್ಟೇ ಖರ್ಚು. ಉಪಾಯ ಇಷ್ಟೇ: ಹಂಪು ಅಥವಾ ಲಾರಿ ದೂರದಲ್ಲಿ ಕಂಡ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಗಾಡಿಯನ್ನು ಗೇರಿನಲ್ಲೇ ಉರುಳಲು ಬಿಡಬೇಕು. ಹಾಗೆ ಬಿಟ್ಟಾಗ ಈಗಿನ ಎಂಜಿನ್‌ಗಳು ಪೆಟ್ರೋಲ್ ಸಿಂಪಡಿಸುವುದನ್ನೇ ನಿಲ್ಲಿಸುತ್ತವೆ.

ಆಗುಂಬೆ, ಹುಲಿಕಲ್ ಘಾಟಿಗಳಲ್ಲಿ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವವರಿಗೂ ಈ ಮಾತು ಅನ್ವಯಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರಿಹೋಗದಂತೆ ತಾನಾಗಿ ತಿರುಗುತ್ತಿರಬೇಕಾದ್ದರಿಂದ ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ಗೇರಿನಲ್ಲಿದ್ದರೆ ಇಳಿಜಾರೇ ಎಂಜಿನನ್ನು ತಿರುಗಿಸುತ್ತದೆ, ಖರ್ಚು ಸೊನ್ನೆ. ನ್ಯೂಟ್ರಲ್‌ನಲ್ಲಿ ಇಳಿಸಿದರೆ ಬ್ರೇಕ್ ಕಾದು ಹಿಡಿಯದೇ ಹೋಗುವ ಅಪಾಯ ಬೇರೆ. ನಮ್ಮ ಮನೆಯಲ್ಲಿ ಯಾರೂ ಆ ಅಭ್ಯಾಸ ಇಟ್ಟುಕೊಳ್ಳಬಾರದು ಎಂದು ಇಲ್ಲೇ ಹೇಳಿಬಿಡುತ್ತೇನೆ.

ಹೋಗುವಾಗ ಕಡಿಮೆ ಬಂತು, ಬರುವಾಗ ಸ್ವಲ್ಪ ಹೆಚ್ಚು ಬಂತು ಎಂದೂ ಬರೆದಿದ್ದೆ. ಬೆಂಗಳೂರು ಶಿವಮೊಗ್ಗಕ್ಕಿಂತ ಸುಮಾರು 350 ಮೀಟರ್ ಎತ್ತರದಲ್ಲಿದೆ. ತುಂಬಿದ ಗಾಡಿಯನ್ನು ಅಷ್ಟು ಮೇಲಕ್ಕೆ ಎತ್ತಲು ಅರ್ಧ ಲೀಟರ್ ಪೆಟ್ರೋಲ್ ಹೆಚ್ಚು ಬೇಕು, ಬರುವಾಗ ಅದರಲ್ಲಿ ಬಹುಪಾಲು ವಾಪಸ್ ಸಿಗುತ್ತದೆ. ಹಾಗಾಗಿ ಒಂದು ದಿಕ್ಕಿನ ಮೈಲೇಜ್ ಹೇಳಿ ಬೀಗುವುದೂ ಬೇಡ, ಕೊರಗುವುದೂ ಬೇಡ. ಆಷಾಢದಲ್ಲಿ ಇದೇ ಲೆಕ್ಕ ತಲೆಕೆಳಗಾಗಬಹುದು. ಪಡುವಣ ಗಾಳಿ ಜೋರಾಗಿದ್ದಾಗ ಬೆಂಗಳೂರಿನಿಂದ ಬರುವ ಗಾಡಿಗೆ ಅದು ಎದುರುಗಾಳಿ. ನೀನು ತೊಂಬತ್ತರಲ್ಲಿ ಬರುತ್ತಿದ್ದು ಗಾಳಿ ಇಪ್ಪತ್ತರ ವೇಗದಲ್ಲಿ ಎದುರಾದರೆ, ಗಾಡಿಯ ಮೂತಿಗೆ ಬಡಿಯುವುದು ನೂರಹತ್ತರ ಗಾಳಿ, ತಡೆ ಒಂದೂವರೆ ಪಟ್ಟು. ಒದ್ದೆ ರಸ್ತೆಯಲ್ಲಿ ನೀರನ್ನು ಪಕ್ಕಕ್ಕೆ ತಳ್ಳುವ ಕೆಲಸವೂ ಟಯರಿನದೇ.

ಅತ್ತಿಗೆಯವರು ಎಸಿಯ ಬಗ್ಗೆ ಕೇಳಿದ್ದರು. ಹೆದ್ದಾರಿಯಲ್ಲಿ ಕಿಟಕಿ ಏರಿಸಿ ಎಸಿ ಹಾಕಿಕೊಳ್ಳಿ, ಸಂಕೋಚ ಬೇಡ. ಎಸಿ ಗಂಟೆಯ ಲೆಕ್ಕದಲ್ಲಿ ಪೆಟ್ರೋಲ್ ತಿನ್ನುತ್ತದೆಯೇ ಹೊರತು ಕಿಲೋಮೀಟರ್ ಲೆಕ್ಕದಲ್ಲಲ್ಲ, ಆದ್ದರಿಂದ ವೇಗವಾಗಿ ಹೋಗುವಾಗ ಅದರ ಪಾಲು ಸಣ್ಣದು. ಅದಕ್ಕಿಂತ ದೊಡ್ಡ ಕಳ್ಳ ಮಾಡಿನ ಮೇಲಿನ ಕ್ಯಾರಿಯರ್. ಊರಿನಿಂದ ಹೊರಡುವಾಗ ಹಲಸಿನಕಾಯಿ, ಬಾಳೆಗೊನೆ, ತೆಂಗಿನಕಾಯಿ ಮೂಟೆ, ಅಪ್ಪೆಮಿಡಿಯ ಭರಣಿ ಎಲ್ಲವನ್ನೂ ಹೇರುವುದು ನಮ್ಮ ಪದ್ಧತಿ. ಹೇರಬೇಡಿ ಎನ್ನಲು ನಾನ್ಯಾರು, ಆದರೆ ಡಿಕ್ಕಿಯೊಳಗೆ ಹೇರಿ. ಸಮತಟ್ಟು ಹೆದ್ದಾರಿಯಲ್ಲಿ ಐವತ್ತು ಕಿಲೋ ಹೆಚ್ಚುವರಿ ತೂಕ ಗೊತ್ತೇ ಆಗುವುದಿಲ್ಲ; ಖಾಲಿ ಕ್ಯಾರಿಯರ್ ಆದರೂ ಗಾಳಿಗೆ ಅಡ್ಡ ನಿಂತು ಇಡೀ ದಾರಿ ತಿನ್ನುತ್ತದೆ. ಟಯರ್ ಗಾಳಿಯನ್ನು ಚಾಲಕನ ಬಾಗಿಲಿನ ಬಳಿಯ ಚೀಟಿಯಲ್ಲಿರುವಷ್ಟು, ತುಂಬಿದ ಗಾಡಿಗೆ ಹೇಳಿರುವಷ್ಟು, ಗಾಡಿ ತಣ್ಣಗಿರುವಾಗ ತುಂಬಿಸಿಕೊಳ್ಳಬೇಕು.

ಪೆಟ್ರೋಲಿನ ಗುಣವೂ ಬದಲಾಗಿದೆ. ಈಗ ಬಂಕುಗಳಲ್ಲಿ ಸಿಗುವುದರಲ್ಲಿ ಶೇಕಡ 20ರಷ್ಟು ಎಥನಾಲ್ ಇದೆ. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಆದ್ದರಿಂದ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಲೀಟರಿನಲ್ಲಿ ಶೇಕಡ ಆರೇಳರಷ್ಟು, ಹಿಂದಿನ ಹತ್ತರ ಮಿಶ್ರಣಕ್ಕೆ ಹೋಲಿಸಿದರೆ ಮೂರರಷ್ಟು ಶಕ್ತಿ ಕಡಿಮೆ. ಆ ಮಿಶ್ರಣಕ್ಕೆಂದೇ ಹೊಂದಿಸಿದ ಹೊಸ ಎಂಜಿನ್ ಸ್ವಲ್ಪವನ್ನು ಮರಳಿ ಗಿಟ್ಟಿಸಿಕೊಳ್ಳಬಹುದು. ದೊಡ್ಡಪ್ಪನವರ ಹದಿನೆಂಟು ಯಾವ ವರ್ಷದ ಅಳತೆ ಎಂದು ಕೇಳಬೇಕೆನಿಸುತ್ತದೆ, ಆದರೆ ಹಿರಿಯರನ್ನು ಹಾಗೆ ಕೇಳುವುದು ಸರಿಯಲ್ಲ.

ಇನ್ನು ಅಳೆಯುವ ವಿಧಾನ. ಡಿಸ್‌ಪ್ಲೇ ತೋರಿಸುವ ಅಂಕಿಯನ್ನು ಪೂರ್ತಿ ನಂಬಬೇಡ, ಸಾಮಾನ್ಯವಾಗಿ ಅದು ಸ್ವಲ್ಪ ಉದಾರಿ. ಹೊರಡುವ ಮೊದಲು ಪಂಪಿನ ನಳಿಕೆ ತಾನಾಗಿ ಮೊದಲ ಸಲ ನಿಂತಾಗ ಸಾಕೆನ್ನು. ಚಿಲ್ಲರೆ ಸರಿಹೋಗಲಿ ಎಂದು ಹುಡುಗ ಇನ್ನಷ್ಟು ಒತ್ತಲು ಬಂದರೆ ಬೇಡವೆನ್ನು. ಮರಳಿ ಬಂದು ಅದೇ ಬಂಕಿನ ಅದೇ ಪಂಪಿನಲ್ಲಿ ಅದೇ ರೀತಿ ತುಂಬಿಸಿ, ಓಡಿದ ದೂರವನ್ನು ಆ ಲೀಟರಿನಿಂದ ಭಾಗಿಸು. ಇಪ್ಪತ್ತು ಲೀಟರಿನಲ್ಲಿ ಒಂದು ಲೀಟರ್ ಏರುಪೇರಾದರೆ ನಿನ್ನ ಮೈಲೇಜ್ ಮುಕ್ಕಾಲು ಕಿಲೋಮೀಟರ್ ಅತ್ತಿತ್ತ ಆಗುತ್ತದೆ. ಬಂಕಿನ ಮೇಲೇ ಅನುಮಾನವಿದ್ದರೆ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ಐದು ಲೀಟರಿನ ಅಳತೆಪಾತ್ರೆ ಪ್ರತಿ ಬಂಕಿನಲ್ಲೂ ಇರುತ್ತದೆ, ಅದರಲ್ಲಿ ಹಿಡಿದು ತೋರಿಸಿ ಎಂದು ಯಾವ ಗ್ರಾಹಕನೂ ಕೇಳಬಹುದು.

ಹಾಗಾದರೆ ಎಷ್ಟರಲ್ಲಿ ಓಡಿಸಬೇಕು? ಕೇಂದ್ರದ 2018ರ ಅಧಿಸೂಚನೆಯ ಪ್ರಕಾರ ನಡುವೆ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ ಗರಿಷ್ಠ ಮಿತಿ 100. ಆದ್ದರಿಂದ ನಿನ್ನ ನೂರಹತ್ತು ಮೈಲೇಜಿನ ಪ್ರಶ್ನೆಗಿಂತ ಮೊದಲೇ ತಪ್ಪು. ಅದನ್ನು ಬಿಟ್ಟು 80 ಮತ್ತು 100ರ ನಡುವೆ ನೋಡೋಣ. ನೂರು ಕಿಲೋಮೀಟರ್ ದಾರಿಗೆ ನೂರರಲ್ಲಿ ಹೋದರೆ ಹದಿನೈದು ನಿಮಿಷ ಉಳಿಯುತ್ತದೆ, ಒಂದು ಲೀಟರ್ ಹೆಚ್ಚು ಖರ್ಚಾಗುತ್ತದೆ. ಆಸ್ಪತ್ರೆಗೆ ಅಥವಾ ವಿಮಾನಕ್ಕೆ ಹೊರಟವನಿಗೆ ಅದು ಅಗ್ಗ. ಮದುವೆ ಮನೆಗೆ ಹೊರಟು ತಿಪಟೂರಿನಲ್ಲಿ ಕಾಫಿಗೆಂದು ಅರ್ಧ ಗಂಟೆ ನಿಲ್ಲುವ ನಮಗೆ ಅದು ಗಾಳಿಗೆ ತೂರಿದ ದುಡ್ಡು. ನಾನು ಸಾಮಾನ್ಯವಾಗಿ ಎಂಬತ್ತೈದು ತೊಂಬತ್ತಕ್ಕೆ ನಿಲ್ಲಿಸುತ್ತೇನೆ.

ಕೊನೆಗೆ ತೀರ್ಥಹಳ್ಳಿಯ ಭಾವನವರ ಪ್ರಶ್ನೆ: ಹೈಬ್ರಿಡ್, ಎಂದರೆ ಪೆಟ್ರೋಲ್ ಎಂಜಿನ್ನಿನ ಜೊತೆ ಬ್ಯಾಟರಿ, ಮೋಟರ್ ಇರುವ ಗಾಡಿ, ತೆಗೆದುಕೊಂಡರೆ ಈ ತಾಪತ್ರಯ ತಪ್ಪುತ್ತದೆಯೇ? ಮಾರುತಿಯ ಗ್ರ್ಯಾಂಡ್ ವಿಟಾರಾ, ಟೊಯೋಟಾದ ಹೈರೈಡರ್‌ಗಳ ಸ್ಟ್ರಾಂಗ್ ಹೈಬ್ರಿಡ್‌ಗೆ ಪರೀಕ್ಷೆಯಲ್ಲಿ ಬಂದ ಅಂಕಿ ಲೀಟರಿಗೆ 27.97 ಕಿಲೋಮೀಟರ್. ಬ್ರೇಕ್ ಒತ್ತಿದಾಗ ಹೋಗುವ ಶಕ್ತಿಯನ್ನು ಬ್ಯಾಟರಿಗೆ ಹಿಡಿದಿಡುವುದೇ ಅದರ ವಿಶೇಷ, ಆದ್ದರಿಂದ ಪೇಟೆಯಲ್ಲೂ ಹಂಪಿನ ರಸ್ತೆಯಲ್ಲೂ ಅದು ಗೆಲ್ಲುತ್ತದೆ. ಒಂದೇ ಸಮ ನೂರರಲ್ಲಿ ಹೋಗುವಾಗ ಹಿಡಿದಿಡಲು ಬ್ರೇಕೇ ಇಲ್ಲ, ಗಾಳಿಯಂತೂ ಎಲ್ಲರಿಗೂ ಒಂದೇ. ಅಲ್ಲಿ ಅಂತರ ಕುಗ್ಗುತ್ತದೆ, ಇಲ್ಲವಾಗುವುದಿಲ್ಲ. ಹದಿನಾರರ ಬದಲು ಇಪ್ಪತ್ತೊಂದು ಸಿಕ್ಕಿತು ಎಂದಿಟ್ಟುಕೊಂಡರೂ ಹತ್ತು ಸಾವಿರ ಕಿಲೋಮೀಟರಿಗೆ ಉಳಿಯುವುದು ಸುಮಾರು 150 ಲೀಟರ್, ಲೀಟರಿಗೆ ನೂರರಂತೆ ಹದಿನೈದು ಸಾವಿರ ರೂಪಾಯಿ. ಬೆಲೆಯಲ್ಲಿ ಎರಡು ಲಕ್ಷ ವ್ಯತ್ಯಾಸವಿದ್ದು, ವರ್ಷಕ್ಕೆ ಅಷ್ಟೇ ಓಡಿಸುವವರಿಗೆ ಅದು ತೀರಲು ಹದಿಮೂರು ವರ್ಷ ಬೇಕು. ನಲವತ್ತು ಸಾವಿರ ಓಡಿಸುವವರಿಗೆ ಮೂರೂಕಾಲು ವರ್ಷ ಸಾಕು. ಭಾವ, ನೀವು ವರ್ಷಕ್ಕೆ ಎಷ್ಟು ಓಡಿಸುತ್ತೀರಿ, ಅದರಲ್ಲಿ ಬೆಂಗಳೂರಿನ ಪಾಲೆಷ್ಟು ಎಂದು ತಿಳಿಸಿ, ಶೋರೂಮಿನ ಬೆಲೆಪಟ್ಟಿಯ ಫೋಟೋ ಇಲ್ಲೇ ಹಾಕಿದರೆ ಲೆಕ್ಕ ಮಾಡಿ ಕಳುಹಿಸುತ್ತೇನೆ.