ಅಡ್ಡ ಗುಣಾಕಾರ ಸರಿ, ಉತ್ತರ ತಪ್ಪು. ಯಾಕೆ?

ಪ್ರಶ್ನೆ: 6 ಆಳುಗಳು 10 ದಿನದಲ್ಲಿ ಕಟ್ಟೋ ಗೋಡೆಗೆ 4 ಆಳುಗಳಿಗೆ ಎಷ್ಟು ದಿನ? 8ನೇ ಕ್ಲಾಸಿನ ಮಕ್ಕಳು 6:10 = 4:? ಅಂತ ಬರೆದು 6.67 ತರ್ತಾರೆ. ಹೇಗೆ ತಿದ್ದೋದು?

ಉತ್ತರ 1: ಪೆನ್ನು ಹಿಡಿಯೋಕೆ ಮುಂಚೆ ಕೇಳಿ: ಆಳು ಕಮ್ಮಿಯಾದ್ರೆ ದಿನ ಹೆಚ್ಚಾಗುತ್ತಾ, ಕಮ್ಮಿಯಾಗುತ್ತಾ? ಹೆಚ್ಚಾಗುತ್ತೆ, ಹಾಗಾಗಿ ವಿಲೋಮ ಅನುಪಾತ. ಇಲ್ಲಿ ಸ್ಥಿರವಾಗಿರೋದು ಗುಣಲಬ್ಧ: 6×10 = 60, 60÷4 = 15 ದಿನ. ಎಲ್ಲರೂ ಒಂದೇ ವೇಗದಲ್ಲಿ ದುಡೀತಾರೆ ಅನ್ನೋ ಊಹೆಯನ್ನೂ ಹೇಳಿಬಿಡಿ.

ಉತ್ತರ 2: ನೇರ ಅನುಪಾತದಲ್ಲಿ (ಒಂದು ಎಷ್ಟು ಪಟ್ಟು ಹೆಚ್ಚಾದ್ರೆ ಇನ್ನೊಂದೂ ಅಷ್ಟೇ ಪಟ್ಟು ಹೆಚ್ಚಾಗೋದು) ಮಕ್ಕಳು ಎಡವೋದು ಏಕಮಾನದಲ್ಲಿ. 1:50,000 ನಕ್ಷೆಯಲ್ಲಿ 3 ಸೆಂ.ಮೀ. ಅಂದ್ರೆ 1,50,000 ಸೆಂ.ಮೀ. 1,000ದಿಂದ ಭಾಗಿಸಿ 150 ಕಿ.ಮೀ. ಅಂತಾರೆ; 1,00,000ದಿಂದ ಭಾಗಿಸಿದ್ರೆ 1.5 ಕಿ.ಮೀ.

ಉತ್ತರ 3: ನೇರ ಅನುಪಾತಕ್ಕೆ ಆಟೋ ಮೀಟರ್ ಉದಾಹರಣೆ ಮಾತ್ರ ಬೇಡ. ಕನಿಷ್ಠ ದರ ಇರೋದ್ರಿಂದ ಅರ್ಧ ದೂರಕ್ಕೆ ಅರ್ಧ ದುಡ್ಡು ಆಗಲ್ಲ.