ಘಾಟಿಯಲ್ಲಿ ಗೇರು ಮೂರರಿಂದ ಎರಡಕ್ಕೆ ಇಳಿಸಿದರೆ ಕಾರು ಮುಗ್ಗರಿಸುತ್ತದೆ, ನಿಮ್ಮ ಅನುಭವ ತಿಳಿಸಿ

ಕೇಳಿದವರು: ಆರು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ಕೊಂಡೆ. ತಿಂಗಳಿಗೆರಡು ಬಾರಿ ತಾಯಿಯನ್ನು ಕೂರಿಸಿಕೊಂಡು ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಉಜಿರೆಗೆ ಹೋಗುತ್ತೇನೆ. ತಿರುವಿಗೆ ಮುನ್ನ ಗೇರು ಇಳಿಸಿ ಕ್ಲಚ್ ಬಿಟ್ಟೊಡನೆ ಕಾರು ಜಗ್ಗುತ್ತದೆ, ತಾಯಿಗೆ ವಾಕರಿಕೆ ಬರುತ್ತದೆ. ನೀವು ಇದನ್ನು ಹೇಗೆ ಕಲಿತಿರಿ?

ಸುಳ್ಯದವರು: ಕ್ಲಚ್ಚನ್ನು ನಿಧಾನವಾಗಿ ಬಿಟ್ಟರೆ ಸಾಕೆಂದು ಡ್ರೈವಿಂಗ್ ಕಲಿಸಿದವರು ಹೇಳಿದ್ದನ್ನು ವೇದವಾಕ್ಯವೆಂದು ನಂಬಿ, ಸಂಪಾಜೆ ಘಾಟಿಯ ಪ್ರತಿ ತಿರುವಿನಲ್ಲೂ ಅರ್ಧ ಕ್ಲಚ್ಚಿನಲ್ಲೇ ಎರಡಕ್ಕೆ ಇಳಿಯುತ್ತಿದ್ದೆ. 38,000 ಕಿ.ಮೀ.ಗೇ ಕ್ಲಚ್ ಜಾರತೊಡಗಿತು. ಡಿಸ್ಕ್ ಮತ್ತು ಪ್ರೆಷರ್ ಪ್ಲೇಟಿಗೆ 5,900, ರಿಲೀಸ್ ಬೇರಿಂಗಿಗೆ 1,450, ಗೇರ್‌ಬಾಕ್ಸ್ ಇಳಿಸಿ ಏರಿಸಿದ ಕೂಲಿ 3,800, ಗೇರ್ ಆಯಿಲ್ 900. ಅಷ್ಟಾದ ಮೇಲೆ ಫ್ಲೈವೀಲ್ (ಕ್ಲಚ್ ಡಿಸ್ಕ್ ಕಚ್ಚುವ ಎಂಜಿನ್ ಚಕ್ರ) ಕಾದು ನೀಲಿಗಟ್ಟಿದೆ ಎಂದು ಲೇತಿಗೆ 1,200. ಒಟ್ಟು 13,250 ರೂಪಾಯಿ. ಮೂರು ದಿನವೆಂದವರು ಒಂಬತ್ತು ದಿನ ಇಟ್ಟುಕೊಂಡರು. ಮೂರನೇ ಗೇರಿನಲ್ಲಿ ನಿಮಿಷಕ್ಕೆ 2,000 ಸುತ್ತು ತಿರುಗುವ ಎಂಜಿನ್ ಅದೇ ವೇಗದಲ್ಲಿ ಎರಡಕ್ಕೆ ಬಂದರೆ ಸುಮಾರು 3,000 ತಿರುಗಬೇಕು, ಆದರೆ ಕ್ಲಚ್ ಒತ್ತಿದೊಡನೆ ಅದು ಐಡಲಿನತ್ತ, ಅಂದರೆ ಕನಿಷ್ಠ ಸುತ್ತಿನತ್ತ, ಬೀಳುತ್ತಿರುತ್ತದೆ. ಕ್ಲಚ್ ಒತ್ತಿರುವಾಗಲೇ ಆಕ್ಸಿಲರೇಟರನ್ನು ಒಮ್ಮೆ ತಟ್ಟಿ ಆ ಕೊರತೆ ತುಂಬದಿದ್ದರೆ ಚಕ್ರಗಳೇ ಎಂಜಿನನ್ನು ಎಳೆದು ತುಂಬುತ್ತವೆ, ಜಗ್ಗುವುದೆಂದರೆ ಅದೇ. ಇದನ್ನು ಯಾರೂ ಮೊದಲು ಹೇಳಲಿಲ್ಲ.

ನಿವೃತ್ತ ಚಾಲಕರು: ಶಿರಾಡಿಯಲ್ಲಿ 27 ವರ್ಷ ಬಸ್ಸು ಓಡಿಸಿದ್ದೇನೆ. ನಾನು ಕಲಿತ ಲಾರಿಯ ಗೇರ್‌ಬಾಕ್ಸಿಗೆ ಹಲ್ಲುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೊಮೆಶ್ ಇರಲಿಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಆಕ್ಸಿಲರೇಟರ್, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರು. ಲೆಕ್ಕ ತಪ್ಪಿದರೆ ಹಲ್ಲುಗಳ ಕಿರುಚಾಟಕ್ಕೆ ಮಲಗಿದ್ದ ಕ್ಲೀನರ್ ಎದ್ದು ಬೈಯುತ್ತಿದ್ದ. ಹತ್ತುವ ಗೇರಿನಲ್ಲೇ ಇಳಿಯಬೇಕು, ಗೇರು ತಿರುವಿಗೆ ಮುಂಚೆಯೇ ಬಿದ್ದಿರಬೇಕು. ತಿರುವಿನ ನಡುವೆ ಗೇರು ಹುಡುಕುವವರು ಕಾರು ಮನೆಯಲ್ಲಿಟ್ಟು ಬಸ್ಸಿಗೆ ಬರಲಿ.

ಹುಬ್ಬಳ್ಳಿಯವರು: ಇಷ್ಟೆಲ್ಲ ರಂಪವೇಕೆ? ಬ್ರೇಕ್ ಪ್ಯಾಡಿಗೆ ಕ್ಲಚ್ಚಿನ ಕಾಲು ಭಾಗವೂ ಖರ್ಚಾಗುವುದಿಲ್ಲ. ನಾನು ನಾಲ್ಕರಲ್ಲಿಟ್ಟು ಬ್ರೇಕಿನಲ್ಲೇ ಇಳಿಯುತ್ತೇನೆ, ಅವಕಾಶವಿದ್ದಲ್ಲಿ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುತ್ತೇನೆ. ಎಂಟು ವರ್ಷದಿಂದ ಕ್ಲಚ್ ಮುಟ್ಟಿಲ್ಲ.

ತೀರ್ಥಹಳ್ಳಿಯವರು: ಇಂಥ ಸಲಹೆ ಕೇಳಿಯೇ ನಾನು ಆಗುಂಬೆ ಇಳಿದೆ. 14 ತಿರುವುಗಳಲ್ಲಿ ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಪೆಡಲ್ ಸ್ಪಂಜಿನಂತಾಯಿತು, ಹತ್ತನೆಯದರಲ್ಲಿ ನೆಲ ಮುಟ್ಟಿತು. ಎರಡನೇ ಗೇರಿಗೆ ತುರುಕಿ, ಹ್ಯಾಂಡ್‌ಬ್ರೇಕ್ ಎಳೆದು, ಗುಡ್ಡದ ಬದಿಯ ಚರಂಡಿಗೆ ಎಡ ಚಕ್ರ ಇಳಿಸಿದ್ದರಿಂದ ಬದುಕಿದೆವು. ನಾಲ್ಕು ವರ್ಷ ಬದಲಾಯಿಸದ ಬ್ರೇಕ್ ಆಯಿಲ್ ನೀರು ಹೀರಿತ್ತು. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು. ನೀರು ಹೀರಿದ್ದಕ್ಕೆ ಮಾನದಂಡದ ಮಿತಿ 155 ಮಾತ್ರ. ಕುದಿದು ಆವಿಯಾದರೆ ಪೆಡಲ್ ತುಳಿದರೂ ಬ್ರೇಕ್ ಹಿಡಿಯದು. ಚಕ್ರ ಹಿಡಿದಿಡುವ ಲೋವರ್ ಆರ್ಮ್, ರಿಮ್, ಅಲೈನ್‌ಮೆಂಟ್, ಕ್ರೇನ್ ಸೇರಿ 21,400 ತೆತ್ತೆ. ಇನ್ನು ನ್ಯೂಟ್ರಲಿನ ಉಳಿತಾಯ: ಇಂಜೆಕ್ಷನ್ ಎಂಜಿನ್ನಿನಲ್ಲಿ ಗೇರಿನಲ್ಲಿದ್ದು ಕಾಲು ತೆಗೆದರೆ ಇಂಧನವೇ ನಿಲ್ಲುತ್ತದೆ, ನ್ಯೂಟ್ರಲಿನಲ್ಲಿ ಐಡಲಿಗೆ ಉರಿಯುತ್ತಲೇ ಇರುತ್ತದೆ.

ಹುಬ್ಬಳ್ಳಿಯವರು: ಆಯಿಲ್ ಬದಲಾಯಿಸದೆ ಮಲಗಿದ್ದು ನೀವು, ಬೈಗುಳ ನನಗೆ! ನನ್ನದು ಪ್ರತಿ ಎರಡು ವರ್ಷಕ್ಕೆ ಬದಲಾಗುತ್ತದೆ.

ತೀರ್ಥಹಳ್ಳಿಯವರು: ಪ್ಯಾಡ್ ಕಾದು ಹಿಡಿತ ಬಿಡುವುದಕ್ಕೆ ಹೊಸ ಆಯಿಲ್ ಅಡ್ಡ ಬರುವುದಿಲ್ಲ ಸ್ವಾಮಿ. ಒಮ್ಮೆ ತುಂಬಿದ ಕಾರಿನಲ್ಲಿ ಇಳಿದು ಬನ್ನಿ, ಆಮೇಲೆ ಬರೆಯಿರಿ.

ಸುಳ್ಯದವರು: ಬ್ರೇಕಿನ ಜಗಳ ಸಾಕು. ಹಿರಿಯರು ಹೇಳಿದ ಡಬಲ್ ಕ್ಲಚ್ ಇಂದಿನ ಕಾರಿಗೆ ಅನಗತ್ಯ. ಸಿಂಕ್ರೊಮೆಶ್ ಇರುವಾಗ ಎರಡು ಬಾರಿ ತುಳಿಯುವುದು ಬರೀ ಕಸರತ್ತು.

ನಿವೃತ್ತ ಚಾಲಕರು: ಕಸರತ್ತೇ ಇರಲಿ. 13,250 ರೂಪಾಯಿ ಕೊಟ್ಟವರು ನೀವು, ನಾನಲ್ಲ.